ಅಪ್ಪನ ಪುಡಿ ಡಬ್ಬಿಗಳು

16 ನವೆಂಬರ್ 2025, ಭಾನುವಾರ
ಬಸವನಗುಡಿ

ನಾಳೆಯಿಂದ ಕಡಲೆಕಾಯಿ ಪರಿಷೆ. ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಹುಮ್ಮಸ್ಸಿಲ್ಲ, ನಿನ್ನೆಯ ಗಾಬರಿ ಇನ್ನೂ ಇಳಿದಿಲ್ಲ.

ಅಪ್ಪನಿಗೆ ಶುಗರ್ ಬಂದು ಹನ್ನೆರಡು ವರ್ಷ. ದಿನಾ ಬೆಳಗ್ಗೆ ಗ್ಲಿಮೆಪಿರೈಡ್ ಮಾತ್ರೆ, ಜೊತೆಗೆ ಮೆಟ್‌ಫಾರ್ಮಿನ್. ಮೂರು ವಾರದಿಂದ ಲಾಲ್‌ಬಾಗ್ ವಾಕಿಂಗ್ ಗೆಳೆಯರ ಮಾತು ಕೇಳಿ ಗೇಟ್ ಹತ್ತಿರ ಒಂದು ಲೋಟ ಹಾಗಲಕಾಯಿ ಜ್ಯೂಸ್, ಮನೆಗೆ ಬಂದು ಗ್ರಂಥಿಗೆ ಅಂಗಡಿಯ ಮಧುನಾಶಿನಿ ಪುಡಿ ಒಂದು ಚಮಚ. ಡೈರಿಯಲ್ಲಿ ಬರೆದಿಡುವ ಫಾಸ್ಟಿಂಗ್ ಶುಗರ್ 142ರಿಂದ 96, ಆಮೇಲೆ 81. ಆ 81ರ ಪಕ್ಕ ಕೆಂಪು ಪೆನ್ನಿನಲ್ಲಿ ಒಂದು ನಕ್ಷತ್ರ ಬೇರೆ. ನಾನೂ ಶಹಬ್ಬಾಸ್ ಅಂದಿದ್ದೆ, ಸುಳ್ಳು ಯಾಕೆ ಹೇಳಲಿ.

ನಿನ್ನೆ ಏಕಾದಶಿ. ತಿಂಡಿ ಇಲ್ಲ, ಆದರೆ ಮಾತ್ರೆ, ಜ್ಯೂಸ್, ಪುಡಿ ಯಾವುದನ್ನೂ ಬಿಡಲಿಲ್ಲ. ಎಂಟೂವರೆಗೆ ನೋಡಿದರೆ ಪೇಪರ್ ಹಿಡಿದ ಕೈ ನಡುಗುತ್ತಿದೆ, ಬನಿಯನ್ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿದೆ, ಏನಾಯ್ತಪ್ಪಾ ಅಂದರೆ ಸಂಬಂಧವೇ ಇಲ್ಲದ ಉತ್ತರ. ಮೀಟರ್‌ನಲ್ಲಿ 52. 70ರ ಕೆಳಗೆ ಹೋದರೇ ಕಡಿಮೆ ಅಂತ ಲೆಕ್ಕ. ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದೆ. ಅಪ್ಪ ಮುಖ ಕಿವುಚಿ, "ಸಪ್ಪೆ ಇದೆ, ಸಕ್ಕರೆ ಹಾಕೇ ಇಲ್ವಲ್ಲೇ" ಅಂದರು. ಗಾಬರಿಯಲ್ಲಿ ಡಬ್ಬಿ ಅದಲುಬದಲಾಯ್ತೇನೋ ಅಂತ ನಾನೇ ಚಮಚ ನೆಕ್ಕಿ ನೋಡಿದೆ. ಸಕ್ಕರೆಯೇ! ಮಧುನಾಶಿನಿ ನಾಲಿಗೆಗೆ ತಾಗಿದರೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯಲ್ಲ ಅಂತ ಆಮೇಲೆ ಗೊತ್ತಾಯ್ತು. ಹೆಸರು ಸುಮ್ನೆ ಇಟ್ಟಿಲ್ಲ.

ಹದಿನೈದು ನಿಮಿಷಕ್ಕೆ 78 ಬಂತು. ಆದರೂ ಆಸ್ಪತ್ರೆಗೆ ಅಂತ ಆಟೋ ಹತ್ತಿಸಿದೆ, ಒಳ್ಳೆಯದೇ ಆಯ್ತು. ಗ್ಲಿಮೆಪಿರೈಡ್ ನಾವು ತಿಂದಿದ್ದೇವಾ ಇಲ್ವಾ ನೋಡಲ್ಲವಂತೆ, ಇನ್ಸುಲಿನ್ ಸುರಿಸುತ್ತಲೇ ಇರುತ್ತಂತೆ. ಅದರ ಮೇಲೆ ಶುಗರ್ ಇಳಿಸುವ ಇನ್ನೆರಡು ಸೇರಿದರೆ ಕೇಳಬೇಕೇ? ವಯಸ್ಸಾದವರಿಗೆ ಒಮ್ಮೆ ಏರಿದ್ದು ಮತ್ತೆ ಕುಸಿಯಬಹುದು ಅಂತ ಸಂಜೆವರೆಗೂ ಅಲ್ಲೇ ಇರಿಸಿಕೊಂಡರು.

"ಮೊದಲೇ ಯಾಕೆ ಹೇಳಲಿಲ್ಲ?" ಅಂತ ಡಾಕ್ಟರ್ ಕೇಳಿದರು.

"ಅದು ಔಷಧಿ ಅಲ್ವಲ್ಲಾ ಸರ್, ಮನೆಮದ್ದು."

ನನಗೆ ಕೋಪ ಬಂದಿದ್ದು ಅಪ್ಪನ ಮೇಲಲ್ಲ. ಹೋದ ವಾರವೂ ತೋರಿಸಿದ್ದೆವು, 81 ನೋಡಿ ಗುಡ್ ಅಂದವರು, ಬೇರೆ ಏನಾದರೂ ತಗೋತೀರಾ ಅಂತ ಒಂದು ಮಾತು ಕೇಳಿರಲಿಲ್ಲ.

ಇವತ್ತು ಅಡುಗೆಮನೆ ಶೆಲ್ಫಿನ ಪುಡಿಗಳನ್ನೆಲ್ಲ ಬಟ್ಟೆ ಚೀಲಕ್ಕೆ ತುಂಬಿಸಿ ಒಯ್ದೆ. ಅಮ್ಮ ಕೆಮ್ಮಿಗೆ ದಿನಾ ಅಗಿಯುವ ಜೇಷ್ಠಮಧುವನ್ನು ಡಾಕ್ಟರ್ ಎತ್ತಿ ಪಕ್ಕಕ್ಕಿಟ್ಟರು. ಜಾಸ್ತಿ ದಿನ ತಿಂದರೆ ಬಿಪಿ ಏರುತ್ತೆ, ಪೊಟ್ಯಾಶಿಯಂ ಇಳಿಯುತ್ತೆ, ಅಮ್ಮ ತಗೋಳೋ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸೋದು ಬೇರೆ ಇದೆ, ಅದೂ ಪೊಟ್ಯಾಶಿಯಂ ಕಳೆಯುತ್ತೆ. ಅಮ್ಮ ನನ್ನನ್ನೇ ದುರುಗುಟ್ಟಿ ನೋಡಿದಳು.

ರಾತ್ರಿ ಅಪ್ಪ ಡೈರಿ ತೆಗೆದು ನಿನ್ನೆಯ 52 ಬರೆದರು. ಆಮೇಲೆ ಸ್ಕೇಲ್ ಇಟ್ಟು ಪಕ್ಕದಲ್ಲಿ ಹೊಸ ಗೆರೆ ಎಳೆದು, ಮೇಲೆ "ಪುಡಿ, ಜ್ಯೂಸ್" ಅಂತ ತಲೆಬರಹ ಕೊಟ್ಟರು. ಪರಿಷೆಯ ಬೇಯಿಸಿದ ಕಡಲೆಕಾಯಿಯನ್ನೂ ಬರೀಬೇಕಾ ಅಂತ ಕೇಳುತ್ತಿದ್ದಾರೆ.