ಗಾಡಿಗಿಂತ ಮೊದಲು ಪ್ಲಗ್ ಪಾಯಿಂಟ್

ಬೆಂಗಳೂರಲ್ಲಿ ಪೆಟ್ರೋಲ್ ಟ್ಯಾಕ್ಸಿ ಮಾರಿ ಎಲೆಕ್ಟ್ರಿಕ್ ತಗೊಳ್ಳೋಣ ಅಂತಿರುವ ಚಾಲಕ ಗೆಳೆಯರೇ, ಶೋರೂಮಿಗೆ ಹೋಗುವ ಮುಂಚೆ ರಾತ್ರಿ ಗಾಡಿ ನಿಲ್ಲಿಸುವ ಜಾಗಕ್ಕೆ ಒಬ್ಬ ಎಲೆಕ್ಟ್ರಿಷಿಯನ್‌ನ ಕರೆಸಿ.

26 ಯೂನಿಟ್ ಹಿಡಿಯುವ ಬ್ಯಾಟರಿ ಮನೆಯ 15 ಆಂಪ್ಸ್ ಪ್ಲಗ್ಗಿನಲ್ಲಿ ತುಂಬಲು ಒಂಬತ್ತು ಹತ್ತು ಗಂಟೆ ಬೇಕು. ಅಷ್ಟು ಹೊತ್ತು ಬಿಡದೆ ಕರೆಂಟ್ ಎಳೆಯುವುದರಿಂದ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪ್ಸ್ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), 30 ಮಿಲಿ ಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿದು ಶಾಕ್‌ನಿಂದ ಕಾಪಾಡುವ ಸ್ವಿಚ್) ಹಾಕಿಸಿ. ಸಾಕೆಟ್ ಸಡಿಲವಿದ್ದರೆ ಬಿಸಿಯಾಗಿ ಕರಗುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ, ಬೆಳಿಗ್ಗೆ ನೋಡಿದರೆ ಚಾರ್ಜೇ ಏರಿರುವುದಿಲ್ಲ. ಆ ದಿನದ ದುಡಿಮೆ ಹೋಯಿತು.

ಮನೆ ಕರೆಂಟು ಯೂನಿಟ್ಟಿಗೆ 7 ರೂಪಾಯಿ ಬಿದ್ದು, ಯೂನಿಟ್ಟಿಗೆ 7 ಕಿ.ಮೀ. ಓಡಿದರೆ ಕಿಲೋಮೀಟರಿಗೆ ಒಂದೇ ರೂಪಾಯಿ. ಹೊರಗಿನ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಯೂನಿಟ್ಟಿಗೆ 20 ಕೊಟ್ಟು ಹಾಕಿಸಿದರೆ ಮೂರರ ಹತ್ತಿರ, ಜೊತೆಗೆ ಸರದಿಯಲ್ಲಿ ಕಾಯುವ ಹೊತ್ತು. ಓಣಿಯ ಬಾಡಿಗೆ ಮನೆಯಲ್ಲಿದ್ದು ರಸ್ತೆಬದಿ ಗಾಡಿ ನಿಲ್ಲಿಸುವವರಿಗೆ ಈ ಎರಡನೇ ಲೆಕ್ಕವೇ ಗತಿ ಅನ್ನುವುದು ಮನಸ್ಸಿಗೆ ಕೊರೆಯುತ್ತದೆ. ಪಾರ್ಕಿಂಗ್ ಇದ್ದವರಿಗೇ ಉಳಿತಾಯವೂ ಹೆಚ್ಚು.

ಫಾಸ್ಟ್ ಚಾರ್ಜರಿನಲ್ಲಿ ಶೇ. 80 ದಾಟಿದ ಮೇಲೆ ವೇಗ ಇಳಿಯುತ್ತದೆ, ಅಲ್ಲಿಗೇ ತೆಗೆದು ಹೊರಡಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ವಾರಕ್ಕೊಮ್ಮೆ ನಿಧಾನ ಚಾರ್ಜಿನಲ್ಲಿ ಪೂರ್ತಿ ತುಂಬಿಸಿ, ಇಲ್ಲದಿದ್ದರೆ ಪರದೆ ಮೇಲಿನ ಶೇಕಡಾ ಲೆಕ್ಕ ತಪ್ಪುತ್ತಾ ಹೋಗುತ್ತದೆ, ವಿಮಾನ ನಿಲ್ದಾಣದ ರಸ್ತೆಯಲ್ಲಿ ಕೈಕೊಡುತ್ತದೆ. ಬಾನೆಟ್ ಒಳಗಿನ 12 ವೋಲ್ಟ್ ಬ್ಯಾಟರಿಯನ್ನೂ ಆಗಾಗ ಚೆಕ್ ಮಾಡಿಸಿ. ಅದು ಡೌನ್ ಆದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಆನ್ ಆಗುವುದಿಲ್ಲ.