ಎಳೆಗೂಸಿನ ಜೊತೆ ಕಾರಿನಲ್ಲಿ ದೂರ ಪ್ರಯಾಣ: ಏನು ಬೇಕು, ಎಷ್ಟು ಬೇಕು, ಎಲ್ಲಿಡಬೇಕು

ಎಳೆಗೂಸನ್ನು ಕರೆದುಕೊಂಡು ಕಾರಿನಲ್ಲಿ ದೂರ ಹೊರಡುವವರು ಸಾಮಾನ್ಯವಾಗಿ ಏನನ್ನೂ ಮರೆತಿರುವುದಿಲ್ಲ. ಡೈಪರ್ ಇರುತ್ತದೆ, ಬಟ್ಟೆ ಇರುತ್ತದೆ, ಔಷಧಿಯೂ ಇರುತ್ತದೆ. ಆದರೆ ಅವೆಲ್ಲ ಡಿಕ್ಕಿಯಲ್ಲಿ, ದೊಡ್ಡ ಸೂಟ್‌ಕೇಸಿನ ತಳದಲ್ಲಿರುತ್ತವೆ. ಬೆನ್ನುದ್ದಕ್ಕೂ ಕಕ್ಕ ಮಾಡಿಕೊಂಡ ಮಗು ಅಳುತ್ತಿರುವಾಗ ರಸ್ತೆ ಬದಿಯಲ್ಲಿ ಸೂಟ್‌ಕೇಸ್ ಬಿಚ್ಚಿ ಹುಡುಕುವ ಹತ್ತು ನಿಮಿಷ ಇದೆಯಲ್ಲ, ಪ್ರಯಾಣ ಕಷ್ಟವಾಗುವುದು ಅಲ್ಲೇ. ಅದಕ್ಕೇ ಸಾಮಾನನ್ನು ದಿನದ ಲೆಕ್ಕದಲ್ಲಿ ಕಟ್ಟಬೇಡಿ. ದಾರಿಯಲ್ಲಿ ಗಾಡಿ ಎಷ್ಟು ಸಲ ನಿಲ್ಲುತ್ತದೋ ಆ ಲೆಕ್ಕದಲ್ಲಿ ಕಟ್ಟಿ.

ಮೊದಲು ನಿಲ್ಲುವ ಲೆಕ್ಕ ನೋಡೋಣ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಂದರೆ ಹೆಚ್ಚುಕಡಿಮೆ ಎರಡು ಮೂರು ಗಂಟೆಗೊಮ್ಮೆ. ಇನ್ನು ಕಾರ್ ಸೀಟಿನಲ್ಲಿ, ಅಂದರೆ ಕಾರಿನ ಆಸನದ ಮೇಲೆ ಕೂರಿಸುವ ಮಗುವಿನ ಪ್ರತ್ಯೇಕ ಸೀಟಿನಲ್ಲಿ, ಒಂದೇ ಸಮನೆ ಎರಡು ಗಂಟೆ ಮೀರಿ ಮಗುವನ್ನು ಕೂರಿಸಬಾರದು. ಮೊದಲ ಕೆಲವು ವಾರಗಳಲ್ಲಿ ಅದಕ್ಕಿಂತ ಬೇಗ ಎತ್ತಿಕೊಂಡಷ್ಟೂ ಒಳ್ಳೆಯದು. ಒಂದೂವರೆ ಗಂಟೆಗೆ ಒಮ್ಮೆ ನಿಲ್ಲಿಸುತ್ತೀರಿ ಅಂದುಕೊಳ್ಳಿ. ಆರು ಗಂಟೆಯ ದಾರಿಗೆ ಮಧ್ಯೆ ಮೂರು ಸಲ ನಿಲ್ಲಬೇಕಾಗುತ್ತದೆ. ಪ್ರತಿಸಲ ಹಾಲು ಕುಡಿಸಿ, ತೇಗು ಬರಿಸಿ, ಡೈಪರ್ ಬದಲಿಸುವಷ್ಟರಲ್ಲಿ 40 ನಿಮಿಷವಾದರೂ ಹೋಗುತ್ತದೆ. ಅಲ್ಲಿಗೆ ಆರು ಗಂಟೆಯ ದಾರಿ ಎಂಟು ಗಂಟೆಯಾಯಿತು. ಇದನ್ನು ಮನೆಯಲ್ಲೇ ಒಪ್ಪಿಕೊಂಡು ಹೊರಟರೆ ಗಡಿಬಿಡಿ ಇರುವುದಿಲ್ಲ. ಬೇಗ ತಲುಪಬೇಕೆಂದು ಮಗುವನ್ನು ಸೀಟಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಓಡುತ್ತಿರುವ ಗಾಡಿಯಲ್ಲೇ ಹಾಲೂಡಿಸುವ ಅಪಾಯಕ್ಕೆ ಯಾರೂ ಕೈಹಾಕುವುದಿಲ್ಲ.

ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಮಗುವಾದರೆ, ಸೀಟಿನಲ್ಲಿ ಅರೆಕುಳಿತ ಭಂಗಿಯಲ್ಲಿ ಉಸಿರಾಟ ಸರಿಯಾಗಿರುತ್ತದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡೇ ಹೊರಡಿ.

ಕಾರ್ ಸೀಟನ್ನು ಸಾಮಾನಿನ ಪಟ್ಟಿಯಲ್ಲಿ ಸೇರಿಸುವುದೇ ತಪ್ಪು. ಅದು ಸರಿಯಿಲ್ಲದಿದ್ದರೆ ಹೊರಡುವಂತೆಯೇ ಇಲ್ಲ. ಎಳೆಗೂಸಿನ ಸೀಟು ಹಿಂದಿನ ಆಸನದ ಮೇಲೆ, ಮಗುವಿನ ಮುಖ ಗಾಡಿಯ ಹಿಂಬದಿಗೆ ಬರುವಂತೆ ಕೂರಬೇಕು. ಚಾಲೂ ಇರುವ ಏರ್‌ಬ್ಯಾಗಿನ ಎದುರಿಗೆ ಅದನ್ನು ಎಂದೂ ಇಡಬಾರದು; ಏರ್‌ಬ್ಯಾಗ್ ಬಿಚ್ಚಿಕೊಂಡರೆ ಆ ಹೊಡೆತ ನೇರವಾಗಿ ಮಗುವಿನ ತಲೆಯ ಹಿಂದಿರುವ ಸೀಟಿಗೆ ಬೀಳುತ್ತದೆ. ಕೂರಿಸಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿ ನೋಡಿ. ಯಾವ ಕಡೆಗೂ 2.5 ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಸೀಟಿನ ಪಕ್ಕದಲ್ಲಿ ಓರೆ ಎಷ್ಟಿರಬೇಕೆಂದು ತೋರಿಸುವ ಗೆರೆ ಅಥವಾ ಗುಳ್ಳೆ ಇರುತ್ತದೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿದ್ದಾಗ ಅದನ್ನು ನೋಡಿ ಹೊಂದಿಸಿ. ಸೀಟು ತೀರಾ ನೆಟ್ಟಗಾದರೆ ಮಗುವಿನ ತಲೆ ಮುಂದಕ್ಕೆ ಬಾಗುತ್ತದೆ. ಎಳೆಗೂಸಿನ ತಲೆ ಭಾರ, ಕುತ್ತಿಗೆಗೆ ಬಲವಿಲ್ಲ. ಗದ್ದ ಎದೆಗೆ ತಗುಲಿದರೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ, ಮತ್ತು ಇದು ಸದ್ದಿಲ್ಲದೆ ಆಗುತ್ತದೆ, ಮಗು ಅಳುವುದೂ ಇಲ್ಲ. ಆದ್ದರಿಂದಲೇ ದೊಡ್ಡವರೊಬ್ಬರು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕದಲ್ಲೇ ಕೂತು ಮುಖ ನೋಡುತ್ತಿರಬೇಕು.

ಮಗುವನ್ನು ಕಟ್ಟುವ ಪಟ್ಟಿಗಳು ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ತುಸು ಕೆಳಗಿನಿಂದ ಹೊರಬರಬೇಕು. ಬಕಲ್ ಹಾಕಿ ಬಿಗಿ ಮಾಡಿದ ಮೇಲೆ, ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿಯಲು ನೋಡಿ. ಮಡಿಕೆ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲವಿದೆ ಎಂದೇ ಅರ್ಥ. ಎದೆಯ ಮೇಲೆ ಕ್ಲಿಪ್ ಇರುವ ಸೀಟಾದರೆ ಅದು ಕಂಕುಳಿನ ಮಟ್ಟಕ್ಕೆ ಬರಲಿ. ದಪ್ಪ ಸ್ವೆಟರ್, ಹತ್ತಿ ತುಂಬಿದ ಜಾಕೆಟ್, ಸುತ್ತಿದ ಹೊದಿಕೆ, ಇವು ಯಾವುವೂ ಪಟ್ಟಿಯ ಒಳಗೆ ಬೇಡ. ಗಾಡಿ ಗುದ್ದಿದಾಗ ಹತ್ತಿ ಅದುಮಿಹೋಗಿ, ಬಿಗಿಯಾಗಿದ್ದ ಪಟ್ಟಿ ಇದ್ದಕ್ಕಿದ್ದಂತೆ ಸಡಿಲಾಗುತ್ತದೆ. ಚಳಿಯಿದ್ದರೆ ತೆಳು ಬಟ್ಟೆಯಲ್ಲೇ ಮಗುವನ್ನು ಕಟ್ಟಿ, ಆಮೇಲೆ ಪಟ್ಟಿಯ ಮೇಲಿಂದ ಹೊದಿಕೆಯನ್ನು ಎದೆಯವರೆಗೆ ಹೊದಿಸಿ. ಸೀಟಿನ ಜೊತೆ ಬಾರದ, ಬೇರೆಯಾಗಿ ಕೊಂಡ ತಲೆದಿಂಬು, ಪಟ್ಟಿಯ ಮೆತ್ತೆ, ಒಳಹಾಸುಗಳನ್ನು ಮನೆಯಲ್ಲೇ ಬಿಡಿ. ಆ ಸೀಟಿನ ಜೊತೆ ಅವುಗಳನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಬಟ್ಟೆ ಆರಿಸುವಾಗಲೂ ಈ ಬಕಲ್ ನೆನಪಿರಲಿ. ಅದು ಎರಡು ಕಾಲುಗಳ ನಡುವಿನಿಂದ ಬರುವುದರಿಂದ, ಕೆಳಗೆ ಚೀಲದಂತೆ ಮುಚ್ಚಿದ ಗೌನು ಅಥವಾ ಬಟ್ಟೆ ಸುತ್ತಿದ ಮಗುವನ್ನು ಸರಿಯಾಗಿ ಕಟ್ಟಲು ಆಗುವುದಿಲ್ಲ. ಕಾಲು ಬೇರೆ ಬೇರೆ ಇರುವ ಉಡುಪೇ ಬೇಕು. ಇನ್ನೊಂದು ವಿಷಯ, ಭುಜದ ಹತ್ತಿರ ಎರಡು ಪದರ ಒಂದರ ಮೇಲೊಂದು ಕೂತಂತಿರುವ ಕುತ್ತಿಗೆಯ ಅಂಗಿ ಆರಿಸಿ. ಕುತ್ತಿಗೆ ಚೆನ್ನಾಗಿ ಹಿಗ್ಗುವುದರಿಂದ, ಕಕ್ಕ ಬೆನ್ನಿಗೆ ಹತ್ತಿದಾಗ ಅಂಗಿಯನ್ನು ತಲೆಯ ಮೇಲಿಂದ ತೆಗೆಯದೆ ಭುಜದಿಂದ ಕೆಳಕ್ಕೆ ಎಳೆದು ಕಾಲಿನಿಂದ ತೆಗೆಯಬಹುದು. ಕೊಳೆ ಕೂದಲಿಗೆ, ಮುಖಕ್ಕೆ ಮೆತ್ತಿಕೊಳ್ಳುವುದಿಲ್ಲ.

ಇನ್ನು ಚೀಲಗಳು. ನಿಲ್ಲುವ ಪ್ರತಿ ಸಲಕ್ಕೂ ಒಂದೊಂದು ಜಿಪ್ ಇರುವ ಕವರ್ ಮಾಡಿ, ಜೊತೆಗೆ ಒಂದು ಹೆಚ್ಚಿನದು. ಮೂರು ಸಲ ನಿಲ್ಲುವುದಾದರೆ ನಾಲ್ಕು ಕವರ್. ಪ್ರತಿಯೊಂದರಲ್ಲೂ ಎರಡು ಡೈಪರ್, ಒಂದು ಪೂರ್ತಿ ಜೊತೆ ಬಟ್ಟೆ, ಬಾಯಿ ಒರೆಸಲು ಎರಡು ಮೆತ್ತನೆಯ ಬಟ್ಟೆ, ಕೊಳೆ ಹಾಕಲು ಎರಡು ಪ್ಲಾಸ್ಟಿಕ್ ಕವರ್. ಡೈಪರ್ ಎರಡೇಕೆಂದರೆ, ಹೊಸದನ್ನು ಹಾಕುತ್ತಿರುವಾಗಲೇ ಮಗು ಮತ್ತೆ ಒದ್ದೆ ಮಾಡುವುದು ತೀರಾ ಮಾಮೂಲು. ವೈಪ್ಸ್, ಹಾಸಿ ಮಲಗಿಸುವ ಮ್ಯಾಟ್, ಜಿಂಕ್ ಆಕ್ಸೈಡ್ ಕ್ರೀಮ್, ಕೈ ತೊಳೆಯುವ ಸ್ಯಾನಿಟೈಸರ್ ಇವು ಒಂದೊಂದೇ ಸಾಕು. ಎಲ್ಲ ಕವರುಗಳ ಜೊತೆ ಇವನ್ನೂ ಒಂದು ಕೈಚೀಲದಲ್ಲಿ ಹಾಕಿ, ಮುಂದಿನ ಸೀಟಿನ ಹಿಂಭಾಗದಲ್ಲಿ, ನೆಲದ ಮೇಲೆ ಇಡಿ. ತಲುಪಿದ ಮೇಲೆ ಬೇಕಾಗುವ ಡೈಪರ್ ಬೇರೆ ಲೆಕ್ಕ: ದಿನಕ್ಕೆ 10ರಿಂದ 12. ಅವು ಡಿಕ್ಕಿಗೆ ಹೋಗಲಿ.

ಗಾಡಿಯಲ್ಲಿ ಡೈಪರ್ ಬದಲಿಸುವ ಕ್ರಮ ಹೀಗಿರಲಿ. ಮ್ಯಾಟ್ ಹಾಸಿ, ಕವರಿನಿಂದ ಎಲ್ಲವನ್ನೂ ಹೊರಗಿಟ್ಟು, ಕೊಳೆಯ ಕವರಿನ ಬಾಯಿ ತೆರೆದಿಟ್ಟ ಮೇಲೆಯೇ ಮಗುವನ್ನು ಮಲಗಿಸಿ. ಒಂದು ಕೈ ಯಾವಾಗಲೂ ಮಗುವಿನ ಮೇಲಿರಬೇಕು. ಹಳೆಯ ಡೈಪರ್ ಬಿಚ್ಚುವ ಮೊದಲೇ ಹೊಸದನ್ನು ಬಿಡಿಸಿ ಅದರಡಿಗೆ ಸರಿಸಿಬಿಡಿ. ಮುಂದಿನಿಂದ ಹಿಂದಕ್ಕೆ ಒರೆಸಿ. ಹೊಕ್ಕುಳಬಳ್ಳಿ ಇನ್ನೂ ಬಿದ್ದಿಲ್ಲದಿದ್ದರೆ, ಡೈಪರಿನ ಮುಂಭಾಗವನ್ನು ಅದಕ್ಕೆ ತಗುಲದಂತೆ ಕೆಳಕ್ಕೆ ಮಡಿಚಿ. ಕೊನೆಗೆ ತೊಡೆಯ ಸುತ್ತ ಇರುವ ನೆರಿಗೆಯನ್ನು ಬೆರಳು ಹಾಕಿ ಹೊರಕ್ಕೆ ಎಳೆಯಿರಿ. ಸೋರುವುದು ಬಹಳ ಸಲ ಆ ನೆರಿಗೆ ಒಳಮಡಿಚಿಕೊಂಡಿರುವುದರಿಂದ. ಸೀಟಿನ ಮೇಲೆ ಸೋರಿದರೆ ಹೊದಿಕೆ ಬಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ದಪ್ಪ ರಬ್ಬರ್ ಹಾಸು ಹಾಕಿ ಅದರ ಮೇಲೆ ಮಗುವನ್ನು ಕೂರಿಸಬೇಡಿ, ಪಟ್ಟಿ ಸಡಿಲವಾಗುತ್ತದೆ.

ಹಾಲಿನ ವಿಷಯದಲ್ಲಿ ಎದೆಹಾಲು ಕುಡಿಯುವ ಮಗುವಿನ ಸಾಮಾನು ಕಡಿಮೆ: ಒಂದು ಮೇಲುಹೊದಿಕೆ, ಎದೆಗೆ ಇಡುವ ಪ್ಯಾಡ್, ತಾಯಿಗೆ ಕುಡಿಯಲು ನೀರು. ಹಿಂಡಿ ತೆಗೆದ ಹಾಲಾದರೆ, 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯ ಬಿಸಿಯಲ್ಲಿ 4 ಗಂಟೆ ಇಡಬಹುದು. ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್‌ಗಳ ನಡುವೆ, ಥರ್ಮಲ್ ಚೀಲದಲ್ಲಿ 24 ಗಂಟೆ ಇರುತ್ತದೆ, ಆದರೆ ಚೀಲವನ್ನು ಪದೇ ಪದೇ ತೆರೆದರೆ ಆ ಲೆಕ್ಕ ನಿಲ್ಲುವುದಿಲ್ಲ. ಒಂದೊಂದು ಸಲಕ್ಕೆ ಬೇಕಾದಷ್ಟೇ, 60 ಮಿಲಿಲೀಟರಿನಂತೆ ಬೇರೆ ಬೇರೆ ತುಂಬಿಡಿ. ಮಗು ಬಾಯಿ ಹಾಕಿ ಬಿಟ್ಟ ಹಾಲನ್ನು 2 ಗಂಟೆಯೊಳಗೆ ಕುಡಿಸಬೇಕು, ಇಲ್ಲವೇ ಚೆಲ್ಲಬೇಕು. ದೊಡ್ಡ ಬಾಟಲಿಯಲ್ಲಿ ತುಂಬಿದರೆ ಚೆಲ್ಲುವುದೇ ಹೆಚ್ಚಾಗುತ್ತದೆ.

ಪುಡಿ ಹಾಲಿಗೆ ಹೆಚ್ಚು ಎಚ್ಚರ ಬೇಕು. ಮನೆಯಲ್ಲೇ ಕಲಸಿ ಬಾಟಲಿಯಲ್ಲಿ ಒಯ್ಯುವುದು ಬೇಡ. ಪುಡಿ ಎಂದರೆ ಕ್ರಿಮಿಗಳಿಲ್ಲದ ಪದಾರ್ಥವಲ್ಲ, ಕಲಸಿದ ಹಾಲು ಬೆಚ್ಚಗಿದ್ದಷ್ಟೂ ಅವು ಬೆಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಪುಡಿಯನ್ನು ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಬಿಸಿ ಇರಬಾರದು. ಒಳ್ಳೆಯ ಫ್ಲಾಸ್ಕಿಗೆ ಮೊದಲು ಬಿಸಿನೀರು ಹಾಕಿ ಕುಲುಕಿ ಚೆಲ್ಲಿ, ಆಮೇಲೆ ಕುದಿಯುವ ನೀರನ್ನು ಬಾಯಿತನಕ ತುಂಬಿ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ಆರುತ್ತದೆ. ಒಂದು ಸಲಕ್ಕೆ ಬೇಕಾದ ಪುಡಿಯನ್ನು ಒಣ ಡಬ್ಬಿಗಳಲ್ಲಿ ಅಳೆದಿಡಿ. ಬಾಟಲಿಗೆ ಮೊದಲು ನೀರು, ಆಮೇಲೆ ಪುಡಿ. ಮುಚ್ಚಿ ಮೆಲ್ಲಗೆ ತಿರುಗಿಸಿ, ಒಂದು ಮಗ್ ತಣ್ಣೀರಿನಲ್ಲಿ ನಿಲ್ಲಿಸಿ ಆರಿಸಿ. ನೀರು ಮುಚ್ಚಳದ ಮಟ್ಟಕ್ಕೆ ಬರಬಾರದು. ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟುಕೊಂಡು ಬಿಸಿ ನೋಡಿಯೇ ಕುಡಿಸಿ. ಉಳಿದದ್ದನ್ನು ಚೆಲ್ಲಿ. ಬಾಟಲಿಗಳು ಎಷ್ಟು ಸಲ ಕುಡಿಸುತ್ತೀರೋ ಅಷ್ಟು, ಮೇಲೊಂದು. ದಾರಿಯಲ್ಲಿ ತೊಳೆದು ಕುದಿಸುವ ಯೋಚನೆಯೇ ಬೇಡ. ಫ್ಲಾಸ್ಕಿನ ನೀರು ಆರುವಷ್ಟು ದೂರದ ದಾರಿಯಾದರೆ, ಕಲಸುವ ಅಗತ್ಯವಿಲ್ಲದ ದ್ರವರೂಪದ ಹಾಲಿನ ಸಣ್ಣ ಬಾಟಲಿಗಳು ಸಿಕ್ಕರೆ ಅದೇ ಮೇಲು. ಎಷ್ಟೇ ಸೆಕೆ ಇರಲಿ, ಎಳೆಗೂಸಿಗೆ ಕುಡಿಯಲು ಬರೀ ನೀರು ಕೊಡಬಾರದು, ಹಾಲೇ ಹೆಚ್ಚು ಸಲ ಕೊಡಿ.

ಕುಡಿಸಿದ ತಕ್ಷಣ ಮಗುವನ್ನು ಸೀಟಿಗೆ ಕಟ್ಟಬೇಡಿ. ಆ ಭಂಗಿಯಲ್ಲಿ ಹೊಟ್ಟೆ ಮಡಿಚಿಕೊಂಡು ಹಾಲು ಕಕ್ಕುತ್ತದೆ. ತೇಗು ಬರಿಸಿ, 15–20 ನಿಮಿಷ ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಅಡ್ಡಾಡಿ.

ಬಾಣಂತಿಯ ಸಾಮಾನನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ, ಇದು ನಿಜಕ್ಕೂ ಬೇಸರದ ಸಂಗತಿ. ದೊಡ್ಡ ಪ್ಯಾಡ್‌ಗಳು, ಒಳಉಡುಪು, ಬದಲಿಸಲು ಒಂದು ಮೇಲಂಗಿ, ತಿನ್ನಲು ಏನಾದರೂ, ಇವು ಅವಳ ಕೈಗೆ ಎಟಕುವಲ್ಲಿರಲಿ. ಸಿಸೇರಿಯನ್ ಆಗಿದ್ದರೆ ಬೆಲ್ಟಿನ ಕೆಳಪಟ್ಟಿ ಗಾಯದ ಕೆಳಗೆ, ಸೊಂಟದ ಮೂಳೆಗೆ ಒತ್ತಿ ಹಾದುಹೋಗಬೇಕು. ಹೆರಿಗೆಯಾದ ಮೊದಲ ಆರು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ನಿಲ್ಲಿಸಿದಾಗಲೆಲ್ಲ ಅವಳು ಇಳಿದು ಐದು ನಿಮಿಷವಾದರೂ ನಡೆಯಲಿ, ಅಷ್ಟು ಹೊತ್ತು ಮಗು ಬೇರೆಯವರ ತೋಳಿನಲ್ಲಿರಲಿ. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಎದೆ ನೋವು ಅಥವಾ ಉಸಿರು ಕಟ್ಟಿದಂತಾದರೆ ಪ್ರಯಾಣ ಬಿಟ್ಟು ಆಸ್ಪತ್ರೆಗೆ ಹೋಗಿ.

ಔಷಧಿಯ ಚೀಲ ಚಿಕ್ಕದೇ ಇರುತ್ತದೆ. ಡಿಜಿಟಲ್ ಥರ್ಮಾಮೀಟರ್, ಮೂಗಿಗೆ ಹಾಕುವ ಸಲೈನ್ ಹನಿ, ಸಿಂಬಳ ಹೀರುವ ರಬ್ಬರ್ ಬಲ್ಬ್, ವೈದ್ಯರು ಬರೆದುಕೊಟ್ಟ ಹನಿಗಳು, ಲಸಿಕೆ ಕಾರ್ಡ್, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಮುಟ್ಟಿದರೆ ಮನೆಮದ್ದಿಲ್ಲ, ಕಾದುನೋಡುವುದೂ ಇಲ್ಲ, ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಅವರು ಹೇಳದೆ ಜ್ವರದ ಔಷಧಿಯನ್ನೂ ಕೊಡಬಾರದು. ಹಾಲು ಬೇಡವೆನ್ನುವುದು, ಎಬ್ಬಿಸಿದರೂ ಏಳದಿರುವುದು, ತುಟಿ ನೀಲಿಗಟ್ಟುವುದು, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ಇವೂ ಅಷ್ಟೇ ತುರ್ತು. ದಾರಿಯಲ್ಲಿ ಬರುವ ಆಸ್ಪತ್ರೆಗಳನ್ನು ಮೊದಲೇ ನೋಡಿ, ನೆಟ್‌ವರ್ಕ್ ಇಲ್ಲದಾಗಲೂ ಸಿಗುವಂತೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಬಿಸಿಲಿಗೆ ಕಿಟಕಿಗೆ ಅಂಟುವ ಜಾಲರಿ ಪರದೆ ಸಾಕು. ಸೀಟಿನ ಮೇಲೆ ಬಟ್ಟೆ ಇಳಿಬಿಟ್ಟು ಮುಚ್ಚಬೇಡಿ; ಒಳಗೆ ಗಾಳಿಯಾಡದೆ ಕಾವೇರುತ್ತದೆ, ಮುಖವೂ ಕಾಣುವುದಿಲ್ಲ. ಮಗುವಿಗೆ ಸೆಕೆಯೋ ಚಳಿಯೋ ತಿಳಿಯಲು ಕೈಕಾಲು ಮುಟ್ಟಬೇಡಿ, ಅವು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ. ಎರಡು ತಿಂಗಳೊಳಗಿನ ಮಗುವಿಗೆ ಸೊಳ್ಳೆ ಓಡಿಸುವ ಕ್ರೀಮ್ ಹಚ್ಚುವಂತಿಲ್ಲ, ನಿಂತಾಗ ಸೊಳ್ಳೆ ಪರದೆ ಬಳಸಿ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಗೆ ಮಗುವನ್ನು ಕೂರಿಸುವ ಮೊದಲು ಬಾಗಿಲು ತೆರೆದು ಗಾಳಿಯಾಡಲು ಬಿಡಿ, ಬಕಲಿನ ಲೋಹವನ್ನು ಕೈಯಿಂದ ಮುಟ್ಟಿ ನೋಡಿ. ಒಂದೇ ನಿಮಿಷದ ಕೆಲಸವಾದರೂ ಮಗುವನ್ನು ಒಂಟಿಯಾಗಿ ಗಾಡಿಯಲ್ಲಿ ಬಿಡಬೇಡಿ. ಹತ್ತೇ ನಿಮಿಷದಲ್ಲಿ ಒಳಗಿನ ಬಿಸಿ ಸುಮಾರು 10 ಡಿಗ್ರಿ ಏರಬಲ್ಲದು.

ಡಿಕ್ಕಿಗೆ ಹೋಗುವುದರಲ್ಲಿ ಮುಖ್ಯವಾದುದು ಮಡಚುವ ತೊಟ್ಟಿಲು ಅಥವಾ ಗಟ್ಟಿ ಹಾಸಿಗೆ. ತಲುಪಿದ ಮೇಲೆ ಮಗು ಕಾರ್ ಸೀಟಿನಲ್ಲೇ ನಿದ್ದೆ ಮುಂದುವರಿಸಬಾರದು. ಗಟ್ಟಿ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು, ದಿಂಬು ಬೇಡ. ಆಟಿಕೆ, ಬೂಟು, ಸ್ನಾನದ ಟಬ್ಬು, ಇವು ಬೇಕಿಲ್ಲ. ಫ್ಲಾಸ್ಕ್, ಬಾಟಲಿಗಳಂಥ ಗಟ್ಟಿ ಸಾಮಾನನ್ನು ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಅವು ಮಗುವಿನ ಕಡೆಗೇ ಹಾರುತ್ತವೆ.

ಡಿಕ್ಕಿಯಲ್ಲಿ ತೊಟ್ಟಿಲನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಇಳಿಸುವಾಗ ಅದೇ ಮೊದಲು ಕೈಗೆ ಬರಲಿ. ತಲುಪಿದ ರಾತ್ರಿಯೇ ಖಾಲಿಯಾದ ಕವರುಗಳನ್ನು ಮತ್ತೆ ತುಂಬಿ, ಬಾಟಲಿಗಳನ್ನು ತೊಳೆದು ಕುದಿಸಿ ಒಣಗಿಸಿ, ಐಸ್ ಪ್ಯಾಕ್‌ಗಳನ್ನು ಫ್ರೀಜರಿಗೆ ಹಾಕಿಬಿಡಿ. ವಾಪಸ್ ಹೊರಡುವ ಬೆಳಿಗ್ಗೆ ಇಷ್ಟಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ.