ಕಿಂಗ್ಸ್ ಸರ್ಕಲ್ ಮಳೆ, ನಮ್ಮ ಅಡುಗೆಮನೆಯ ತುಕ್ಕು

ಮುಂಬೈಯಲ್ಲಿ ಹೋಟೆಲ್ ನಡೆಸುವವರಿಗೆ ಮಳೆಗಾಲದಲ್ಲಿ ಇಂಥ ದಿನ ಒಂದೆರಡು ಬಂದೇ ಬರುತ್ತವೆ. ಇಡ್ಲಿ ಬೆಂದಿರುತ್ತದೆ, ಸಾಂಬಾರ್ ಕುದಿದಿರುತ್ತದೆ, ತಿನ್ನುವವರು ಮಾತ್ರ ಇರುವುದಿಲ್ಲ. ಆವತ್ತು ರಾತ್ರಿಯಿಡೀ ಸುರಿದ ಮಳೆಗೆ ಗಾಂಧಿ ಮಾರ್ಕೆಟ್ ಎದುರು ಮೊಣಕಾಲುದ್ದ ನೀರು. ಸಯನ್ ಹತ್ತಿರ ಹಳಿ ಮುಳುಗಿ ಸೆಂಟ್ರಲ್ ಲೈನಿನ ಲೋಕಲ್‌ಗಳು ನಿಂತಿದ್ದವು. ಕಿಂಗ್ಸ್ ಸರ್ಕಲ್‌ನ ನಮ್ಮ ಪುಟ್ಟ ಉಡುಪಿ ಹೋಟೆಲಿಗೆ ಬಂದವರೆಂದರೆ ಪಕ್ಕದ ಬಿಲ್ಡಿಂಗಿನ ಕೆಲವು ಅಜ್ಜಂದಿರು, ಅಷ್ಟೇ. ಒಂಬತ್ತು ಗಂಟೆಗೆ ಅಣ್ಣ ಗಲ್ಲಾ ಬಿಟ್ಟು ಒಳಗೆ ಬಂದ. "ಹೇಗೂ ಸುಮ್ನೆ ಕೂತಿದ್ದೇವೆ, ಅಡುಗೆಮನೆ ಪೂರ್ತಿ ತೊಳೆದುಬಿಡೋಣ" ಅಂದ.

ನನಗೂ ಅದೇ ಬೇಕಿತ್ತು. ದಿನಾ ರಾತ್ರಿ ತೊಳೆಯುತ್ತೇವೆ ನಿಜ. ಆದರೆ ಅದು ಮೇಲಿನ ತೊಳೆತ. ಟೇಬಲ್ ಸರಿಸಿ, ರ್ಯಾಕ್ ಬಿಚ್ಚಿ, ಸಿಂಕಿನ ಅಡಿಗೆ ಕೈ ಹಾಕಿ ನೋಡಲು ಹೋಟೆಲಿನಲ್ಲಿ ಪುರುಸೊತ್ತು ಎಲ್ಲಿ ಸಿಗುತ್ತದೆ? ಅಂತೂ ಎಲ್ಲರೂ ಸೇರಿ ಸಾಮಾನು ಹೊರಗೆ ತಂದೆವು. ಇಡ್ಲಿ ಸ್ಟೀಮರ್, ಚಟ್ನಿ ಕೌಂಟರ್, ಗ್ರೈಂಡರಿನ ಡ್ರಮ್, ತರಕಾರಿ ಹೆಚ್ಚುವ ದೊಡ್ಡ ಸ್ಟೀಲ್ ಟೇಬಲ್. ಟೇಬಲನ್ನು ಮಗ್ಗುಲಿಗೆ ಮಲಗಿಸಿದಾಗ ಅಣ್ಣನ ಮುಖ ಗಂಟಿಕ್ಕಿತು. ಕಾಲುಗಳು ನೆಲದಿಂದ ಒಂದು ಗೇಣು ಎತ್ತರದವರೆಗೆ ಕಂದು ಬಣ್ಣಕ್ಕೆ ತಿರುಗಿದ್ದವು. ಅಡಿಭಾಗದ ಬೆಸುಗೆಯ ಉದ್ದಕ್ಕೂ ಕೆಂಪು ಗೆರೆ. ಮೇಲ್ಗಡೆ ಒಂದು ಮೂಲೆಯಲ್ಲಿ ದೋಸೆ ಕಾವಲಿಯಷ್ಟೇ ಅಗಲದ ತುಕ್ಕಿನ ಬಳೆ.

"ನೋಡು, ಸರಿಯಾಗಿ ತೊಳೆಯದಿದ್ದರೆ ಹೀಗೇ ಆಗೋದು" ಅಂತ ಅಣ್ಣ ಪಾತ್ರೆ ತೊಳೆಯುವ ಹುಡುಗನ ಕಡೆ ತಿರುಗಿದ. ಬೈಂದೂರು ಕಡೆಯ ಹುಡುಗ, ಬಂದು ಇನ್ನೂ ವರ್ಷವಾಗಿಲ್ಲ. ತಲೆ ತಗ್ಗಿಸಿ ನಿಂತ. ನನಗೆ ಬಹಳ ಬೇಜಾರಾಯಿತು. ಏಕೆಂದರೆ ಆ ಹುಡುಗನಷ್ಟು ತಿಕ್ಕಿ ತೊಳೆಯುವವನನ್ನು ನಾನು ಕಂಡಿಲ್ಲ. ತುಕ್ಕು ಅವನು ತೊಳೆಯದೆ ಬಂದದ್ದಲ್ಲ. ತೊಳೆಯಲು ನಾವು ಅವನ ಕೈಗೆ ಕೊಟ್ಟ ಸಾಮಾನಿನಿಂದ ಬಂದದ್ದು.

ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಅದೂ ಮುಕ್ಕಾಲು ಪಾಲು ಕಬ್ಬಿಣವೇ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕು ಹುಡುಕುತ್ತಾ ಕ್ರೋಮಿಯಂ ಜಾಸ್ತಿ ಹಾಕಿ ಕರಗಿಸಿದರು. ಅದು ಅಡುಗೆಮನೆಯ ಚೂರಿಗೆ ಒಳ್ಳೆಯದು ಅಂತ ಆಮೇಲೆ ಗೊತ್ತಾಯಿತು. ಕನಿಷ್ಠ ನೂರಕ್ಕೆ 10.5 ಭಾಗ ಕ್ರೋಮಿಯಂ ಇದ್ದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೊಂದು ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೊಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ. ಕೆಳಗಿನ ಕಬ್ಬಿಣವನ್ನು ಕಾಯುವುದು ಈ ಪೊರೆಯೇ. ಗೀರು ಬಿದ್ದರೂ ಗಾಳಿ ತಾಗಿದರೆ ಸಾಕು, ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ಚರ್ಮದ ಹಾಗೆಯೇ ಅನ್ನಿ. ಆದರೆ ಗಾಯದ ಮೇಲೆ ದಿನಾ ಉಪ್ಪುನೀರು ಹಾಕುತ್ತಾ, ಒದ್ದೆ ಬಟ್ಟೆ ಮುಚ್ಚಿಟ್ಟರೆ ಯಾವ ಚರ್ಮ ಮಾಯುತ್ತದೆ?

ಟೇಬಲಿನ ಕಾಲಿಗೆ ಆಗಿದ್ದು ಅದೇ. ಮಳೆಗಾಲದಲ್ಲಿ ಗಟಾರದ ವಾಸನೆ ಒಳಗೆ ಬರುತ್ತದೆ ಅಂತ ರಾತ್ರಿ ನೆಲಕ್ಕೆ ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿಸುತ್ತೇವೆ. ಪೊರಕೆಯಿಂದ ಉಜ್ಜುವಾಗ ಅದರ ನೀರು ಕಾಲುಗಳಿಗೆ ಸಿಡಿಯುತ್ತದೆ. ನೆಲವನ್ನು ನೀರು ಹಾಕಿ ತೊಳೆಯುತ್ತೇವೆ, ಟೇಬಲ್ ಕಾಲನ್ನು ಯಾರೂ ತೊಳೆಯುವುದಿಲ್ಲ. ಆ ಪೊರೆಗೆ ಅತಿ ದೊಡ್ಡ ಶತ್ರು ಕ್ಲೋರೈಡ್. ಉಪ್ಪಿನಲ್ಲಿದೆ, ಸಮುದ್ರದ ಗಾಳಿಯಲ್ಲಿದೆ, ಬ್ಲೀಚಿನಲ್ಲೂ ಇದೆ. ಒಂದೇ ಕಡೆ ಪೊರೆ ತೂತು ಮಾಡಿ ಒಳಗೆ ಕೊರೆಯುತ್ತದೆ. ಅಂದರೆ ಕಾಲಿನ ಆ ಒಂದು ಗೇಣು ನಮ್ಮ ನೆಲ ತೊಳೆಯುವ ಪದ್ಧತಿಯ ಗುರುತು.

ಸಿಂಕಿನ ಅಡಿಯಲ್ಲಿ ಇನ್ನೊಂದು ಸಿಕ್ಕಿತು. ಬಾತ್‌ರೂಮಿನ ಟೈಲ್ಸ್ ತೊಳೆಯುವ ಆಸಿಡ್ ಬಾಟಲಿ ಮುಚ್ಚಳ ಸಡಿಲವಾಗಿ ಅಲ್ಲೇ ಕೂತಿತ್ತು. ಅದು ಹೈಡ್ರೋಕ್ಲೋರಿಕ್ ಆಸಿಡ್. ಸುರಿಯಬೇಕೆಂದೇ ಇಲ್ಲ, ಅದರ ಹೊಗೆಯೇ ಸಾಕು. ಬಾಟಲಿಯ ನೇರ ಮೇಲೆ ಸಿಂಕಿನ ತಳ ಕಂದಾಗಿತ್ತು. ಬೇರೆ ಕಡೆ ಅಷ್ಟಿರಲಿಲ್ಲ.

ಕಾವಲಿಯ ಬಳೆಗೆ ಕಾರಣ ಹೇಳಬೇಕಾಗಿಯೇ ಇರಲಿಲ್ಲ. ಬೀಡು ಕಾವಲಿಯನ್ನು ಒದ್ದೆಯಾಗಿಯೇ ಸ್ಟೀಲ್ ಟೇಬಲಿನ ಮೇಲೆ ಇಟ್ಟು ಮಲಗಿದರೆ ಬೆಳಿಗ್ಗೆ ಅದರ ತುಕ್ಕು ಟೇಬಲಿಗೆ ಅಂಟಿರುತ್ತದೆ. ಮೇಲೆಲ್ಲ ಹರಡಿದ್ದ ಸಣ್ಣ ಸಣ್ಣ ಕೆಂಪು ಚುಕ್ಕೆಗಳ ವಿಷಯ ಮಾತ್ರ ಅಣ್ಣನಿಗೆ ತೋರಿಸಿ ಹೇಳಬೇಕಾಯಿತು. ಮೋರಿ ಕಟ್ಟೆಯ ಮೇಲೆ ಪಾತ್ರೆ ತಿಕ್ಕುವ ಕಬ್ಬಿಣದ ತಂತಿಯ ಜೂನಾ ಇತ್ತು. ಹಿಂದಿನ ರಾತ್ರಿಯ ನೀರಿಗೇ ಅರ್ಧ ಕೆಂಪಾಗಿತ್ತು. ಅದರಿಂದ ತಿಕ್ಕಿದಾಗೆಲ್ಲ ಕಬ್ಬಿಣದ ಹುಡಿ ಸ್ಟೀಲಿನ ಗೀರುಗಳೊಳಗೆ ಕೂತುಬಿಡುತ್ತದೆ. ಆಮೇಲೆ ತುಕ್ಕು ಹಿಡಿಯುವುದು ಆ ಹುಡಿಗೆ. ಪಾಪ, ಹುಡುಗ ಚುಕ್ಕೆ ಕಂಡು ಇನ್ನೂ ಜೋರಾಗಿ ತಿಕ್ಕಿದ. ಚುಕ್ಕೆ ಇನ್ನೂ ಜಾಸ್ತಿಯಾಯಿತು. ಇಷ್ಟು ಕೇಳಿದ ಮೇಲೆ ಅಣ್ಣ ಹುಡುಗನ ಬೆನ್ನು ತಟ್ಟಿದ. ನನಗೆ ಆ ದಿನ ಅತಿ ಸಮಾಧಾನ ತಂದದ್ದು ಅದು.

ಆಮೇಲೆ ಕೆಲಸ ಶುರು. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ. ಮೊದಲು ಜಿಡ್ಡು ಹೋಗಲೇಬೇಕು, ಇಲ್ಲದಿದ್ದರೆ ಮುಂದೆ ಹಾಕುವುದು ಯಾವುದೂ ಸ್ಟೀಲಿಗೆ ತಾಗುವುದಿಲ್ಲ. ಟೇಬಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಓಡುತ್ತವೆ. ಒರೆಸುವುದಾದರೂ ಉಜ್ಜುವುದಾದರೂ ಆ ಗೆರೆ ಹೋದ ಕಡೆಗೇ ಹೋಗಬೇಕು. ಗುಂಡಗೆ ತಿರುಗಿಸಿ ಉಜ್ಜಿದರೆ ಹೊಸ ಗೀರು ಬಿದ್ದು ಅಲ್ಲೇ ಕೊಳೆ ಕೂರುತ್ತದೆ. ಸ್ಟೀಮರಿನ ಹೊರಗೆ ಹಳದಿಗಟ್ಟಿದ ಕಡೆ ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಕಲಸಿ ಹಚ್ಚಿದೆವು. ಒಳಗೆ ಬಿಳಿ ಪದರ ಕಟ್ಟಿತ್ತು. ಜೂನ್‌ನಲ್ಲಿ ನೀರು ಕಡಿತವಾದಾಗ ಟ್ಯಾಂಕರ್ ತರಿಸಿದ್ದರ ಫಲ ಅದು. ತಾನ್ಸಾ, ಭಾತ್ಸಾ ಕೆರೆಗಳಿಂದ ಬರುವ ನಲ್ಲಿ ನೀರು ಮೆತ್ತಗಿರುತ್ತದೆ, ನಮಗೆ ಬಂದ ಟ್ಯಾಂಕರಿನದ್ದು ಬೋರ್‌ವೆಲ್ಲಿನ ಗಡಸು ನೀರು. ವಿನೆಗರ್ ಹಾಕಿದ ನೀರು ಕಾಯಿಸಿ ಬಿಟ್ಟಾಗ ಪದರ ತಾನೇ ಎದ್ದು ಬಂತು.

ತುಕ್ಕಿಗೆ ಸಿಟ್ರಿಕ್ ಆಸಿಡ್. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ನಿಂಬು ಕಾ ಫೂಲ್ ಅಂತ ಕೇಳಿದರೆ ಕೊಡುತ್ತಾರೆ, ಸಕ್ಕರೆಯ ಹಾಗೆ ಕಾಣುವ ಬಿಳಿ ಹರಳು. ಸ್ಟೀಲ್ ಕಾರ್ಖಾನೆಗಳಲ್ಲಿಯೂ ಮೇಲ್ಮೈಗೆ ಅಂಟಿದ ಕಬ್ಬಿಣ ತೆಗೆಯಲು ಇದನ್ನೇ ನೂರಕ್ಕೆ 4ರಿಂದ 10 ಭಾಗ ನೀರಿನಲ್ಲಿ ಕರಗಿಸಿ ಬಳಸುತ್ತಾರೆ. ನಾವು ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಹಾಕಿದೆವು. ಆದರೆ ಅದಕ್ಕೆ ಮೊದಲು ಕಾಲುಗಳನ್ನೂ ನೆಲವನ್ನೂ ಬರೀ ನೀರಿನಿಂದ ಚೆನ್ನಾಗಿ ತೊಳೆಸಿದೆ. ಇದನ್ನು ಯಾರೂ ಮರೆಯಬಾರದು. ಬ್ಲೀಚಿಗೆ ಯಾವ ಆಸಿಡ್ ಸೇರಿದರೂ ಕ್ಲೋರಿನ್ ಅನಿಲ ಬರುತ್ತದೆ. ಗಾಳಿಯಾಡದ ಹೋಟೆಲ್ ಅಡುಗೆಮನೆಯಲ್ಲಿ ಅದು ಜೀವಕ್ಕೇ ಕುತ್ತು. ಹುಡುಗನಿಗೆ ರಬ್ಬರ್ ಗ್ಲೌಸ್ ಹಾಕಿಸಿದೆ. ಬ್ಲೀಚಿಗೆ ಅವನ ಬೆರಳ ಸಂದುಗಳು ಆಗಲೇ ಒಡೆದಿದ್ದವು. ಅದನ್ನು ನೋಡಿದಾಗ ಸ್ಟೀಲಿಗಿಂತ ಮೊದಲು ಕೈ ಉಳಿಸಬೇಕು ಅನಿಸಿತು.

ಹಳೆಯ ಪಂಚೆಯ ತುಂಡುಗಳನ್ನು ಆ ನೀರಿನಲ್ಲಿ ಅದ್ದಿ ತುಕ್ಕಿನ ಮೇಲೆ ಹಾಸಿದೆವು. ಕಾಲುಗಳಿಗೆ ಸುತ್ತಿದೆವು. ಒಣಗದ ಹಾಗೆ ಮೇಲಿಂದ ಚಿಮುಕಿಸುತ್ತಾ ಇಪ್ಪತ್ತು ನಿಮಿಷ ಬಿಟ್ಟೆವು. ಬಟ್ಟೆ ತೆಗೆದಾಗ ಬಟ್ಟೆಯೇ ಹಳದಿ ಆಗಿತ್ತು. ಕಾವಲಿಯ ಬಳೆ ಪೂರ್ತಿ ಹೋಗಿತ್ತು. ಚುಕ್ಕೆಗಳೂ ಹೆಚ್ಚಿನವು ಹೋದವು. ಆದರೆ ಕಾಲಿನ ಮೇಲೆ ಕೆಲವು ಕಡೆ ಕಂದು ಬಣ್ಣ ಹೋದ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ ಉಳಿಯಿತು. ಉಗುರು ಎಳೆದರೆ ತಡೆಯುತ್ತದೆ. ಅದು ಕಲೆಯಲ್ಲ, ಗುಳಿ. ಲೋಹವೇ ಹೋಗಿರುವ ಜಾಗ. ಅದು ಯಾವ ಪುಡಿ ಹಾಕಿದರೂ ತುಂಬುವುದಿಲ್ಲ. ಒಳಗೆ ನೀರು ನಿಲ್ಲದ ಹಾಗೆ ಒಣಗಿಸಿಟ್ಟುಕೊಂಡರೆ ಬೆಳೆಯುವುದು ನಿಧಾನವಾಗುತ್ತದೆ, ಅಷ್ಟೇ. ನೀರು ಸುರಿದು ಸುರಿದು ಆಸಿಡ್ ತೊಳೆದು, ಒಣ ಬಟ್ಟೆಯಲ್ಲಿ ಮೂಲೆ ಮೂಲೆ ಒರೆಸಿ, ಫ್ಯಾನ್ ಹಾಕಿದೆವು. ಹೊರಗೆ ಮಳೆ, ಗಾಳಿಯೆಲ್ಲ ತೇವ. ಮುಂಬೈಯ ಜುಲೈಯಲ್ಲಿ ಸ್ಟೀಲ್ ತಾನಾಗಿ ಒಣಗುತ್ತದೆ ಅಂತ ಕಾದರೆ ಬೆಳಿಗ್ಗೆಯವರೆಗೂ ಒದ್ದೆಯೇ.

ಈ ಒಣಗಿಸುವ ವಿಷಯಕ್ಕೇ ನಮ್ಮ ಅಡುಗೆ ಭಟ್ರಿಗೂ ನನಗೂ ಸ್ವಲ್ಪ ವಾದವಾಯಿತು. "ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ, ತೊಳೆದು, ಒರೆಸಿ, ಮತ್ತೆ ನಾಲ್ಕಕ್ಕೆ ಏಳಬೇಕು. ಒರೆಸಲು ಟೈಮ್ ಎಲ್ಲಿದೆ?" ಅಂದರು. ಅವರ ಮಾತು ಸರಿ. ಸ್ಟೀಲಿನ ಮೇಲೆ ನೀರು ಉಳಿಯುವುದು ಕೆಲಸದವರ ಸೋಮಾರಿತನದಿಂದಲ್ಲ, ನಿದ್ದೆ ಕಮ್ಮಿ ಇರುವುದರಿಂದ. ಅಣ್ಣನಿಗೆ ಇದು ಹೇಳಿದರೆ ಅರ್ಥವಾಗುತ್ತದೆ. ಕೊನೆಯ ಆರ್ಡರ್ ಅರ್ಧ ಗಂಟೆ ಮೊದಲು ಮುಗಿಸುವುದು ಅಂತ ಆವತ್ತೇ ತೀರ್ಮಾನವಾಯಿತು. ಆ ಅರ್ಧ ಗಂಟೆ ಒರೆಸುವವರದ್ದು. ಒಂದು ದೋಸೆ ಕಮ್ಮಿ ಮಾರಿದರೂ ಪರವಾಗಿಲ್ಲ, ಟೇಬಲ್ ಉಳಿಯುತ್ತದೆ ಅಂತ ನಾನು ಗಟ್ಟಿಯಾಗಿ ಹೇಳಿದೆ.

ಉಪ್ಪಿನ ಡಬ್ಬವನ್ನೂ ಬದಲಾಯಿಸಿದೆವು. ನಮ್ಮ ಅಜ್ಜಿ ಉಪ್ಪನ್ನು ಮರದ ಮರಿಗೆಯಲ್ಲಿ ಇಡುತ್ತಿದ್ದರು, ಉಪ್ಪಿನಕಾಯಿಗೆ ಭರಣಿ. ಊರಿನ ಮನೆಯಲ್ಲಿ ಲೋಹದ ಪಾತ್ರೆಗೆ ಉಪ್ಪು ಹಾಕಿಟ್ಟಿದ್ದು ನಾನು ನೋಡಿಲ್ಲ. ಇಲ್ಲಿ ಸ್ಟೀಲ್ ಡಬ್ಬದಲ್ಲಿ ಕಲ್ಲುಪ್ಪು ತುಂಬಿ, ಒದ್ದೆ ಕೈ ಹಾಕಿ ಹಾಕಿ, ಅದರ ತಳ ಚುಕ್ಕೆ ಚುಕ್ಕೆಯಾಗಿತ್ತು. ಈಗ ಎರಡು ಪಿಂಗಾಣಿ ಭರಣಿ ಇಟ್ಟಿದ್ದೇವೆ. ದೊಡ್ಡ ಪಾತ್ರೆಗೆ ಉಪ್ಪು ಹಾಕುವುದೂ ನೀರು ಕುದಿದ ಮೇಲೆ. ತಣ್ಣನೆ ನೀರಿಗೆ ಹಾಕಿದರೆ ಕರಗದೆ ತಳದಲ್ಲಿ ಕೂತು ಅಲ್ಲೇ ಕೊರೆಯುತ್ತದೆ. ಭಟ್ರು ಮೊದಲಿನಿಂದಲೂ ಹೀಗೇ ಮಾಡುತ್ತಿದ್ದರು. ಅವರು ಮಾಡುವ ಸಾಂಬಾರಿನ ಪಾತ್ರೆಗಳು ಹಳೆಯವಾದರೂ ತಳ ಇನ್ನೂ ನುಣ್ಣಗಿದೆ.

ಹೊಸ ಸಿಂಕಿನ ಕತೆ ಬೇರೆ. ಅದನ್ನು ಮಾಡಿಕೊಟ್ಟವರು 304 ಗ್ರೇಡಿನ ಸ್ಟೀಲ್ ಅಂತ ಹೇಳಿದ್ದರು, ಅಯಸ್ಕಾಂತ ಇಟ್ಟು "ನೋಡಿ, ಹಿಡಿಯಲ್ಲ" ಅಂತ ತೋರಿಸಿಯೂ ಇದ್ದರು. ಆ ಪರೀಕ್ಷೆಯಿಂದ 304 ಹೌದೋ ಅಲ್ಲವೋ ಅಂತ ಗೊತ್ತಾಗುವುದಿಲ್ಲ. 304ರಲ್ಲಿ ನೂರಕ್ಕೆ ಸುಮಾರು 18 ಕ್ರೋಮಿಯಂ, 8 ನಿಕಲ್. ನಿಕಲ್ ದುಬಾರಿ ಅಂತ ಅದನ್ನು ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿದ್ದು 202. ಎರಡಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ. ಹೊಸದಿದ್ದಾಗ ಎರಡೂ ಒಂದೇ ಥರ ಹೊಳೆಯುತ್ತವೆ. ಉಪ್ಪು, ಹುಳಿ, ಕಡಲ ಗಾಳಿ ಬಿದ್ದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಪರಿಚಯದ ಒಬ್ಬ ಸ್ಟೀಲ್ ವ್ಯಾಪಾರಿ ಸಂಜೆ ನೀರಿಳಿದ ಮೇಲೆ ತನ್ನ ಪರೀಕ್ಷೆಯ ದ್ರವ, ಪುಟ್ಟ ಬ್ಯಾಟರಿ ತಂದ. ಸಿಂಕಿನ ಮೇಲೆ ಒಂದು ಹನಿ ಹಾಕಿ ವೈರ್ ತಾಗಿಸಿದ. ಹನಿ ನೋಡುತ್ತಿದ್ದಂತೆ ಕೆಂಪಾಯಿತು, ಅಂದರೆ ಅದು 202. ಹಳೆಯ ಚಟ್ನಿ ಕೌಂಟರಿನ ಮೇಲೆ ಹಾಕಿದ ಹನಿ ಕೆಂಪಾಗಲೇ ಇಲ್ಲ. ಅಪ್ಪ ಮಾಡಿಸಿದ ಕೌಂಟರ್ ಅದು, ಅದರ ಮೇಲೆ ತುಕ್ಕಿನ ಗುಳಿ ಒಂದೂ ಇಲ್ಲ.

202 ಅಂದರೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಣ ಸಾಮಾನಿನ ರ್ಯಾಕಿಗೆ ಅದು ಸಾಕು. ಆದರೆ ದಿನವಿಡೀ ಹುಣಸೆ, ಉಪ್ಪು, ನೀರು ಬೀಳುವ ಸಿಂಕಿಗೆ ಅದು ಆಗುವುದಿಲ್ಲ. ಹೇಳಿ ಕೊಟ್ಟಿದ್ದರೆ ದುಡ್ಡು ನೋಡಿ ನಾವೇ ಆರಿಸುತ್ತಿದ್ದೆವು. ಹೇಳದೆ ಕೊಟ್ಟರಲ್ಲ, ಅದಕ್ಕೆ ಸಿಟ್ಟು ಬಂತು. ಇನ್ನು ಮುಂದೆ ಬಿಲ್ಲಿನ ಮೇಲೆ ಗ್ರೇಡ್ ಬರೆಸದೆ ಅಣ್ಣ ದುಡ್ಡು ಕೊಡುವುದಿಲ್ಲ. ಟೆಂಪೋದಿಂದ ಸಾಮಾನು ಇಳಿಸುವ ಮೊದಲೇ ಆ ಹನಿ ಪರೀಕ್ಷೆಯೂ ಆಗಬೇಕು.

ಆಸಿಡ್ ಬಾಟಲಿ, ಬ್ಲೀಚ್ ಎರಡೂ ಈಗ ಅಡುಗೆಮನೆಯ ಹೊರಗೆ, ಬೇರೆ ಬೇರೆ ಕಪಾಟಿನಲ್ಲಿವೆ. ನೆಲ ತೊಳೆದ ಮೇಲೆ ಕಾಲುಗಳ ಮೇಲೆ ಒಂದೊಂದು ಚೊಂಬು ನೀರು ಸುರಿದು ಒರೆಸುತ್ತೇವೆ. ಜೂನಾ ಬಿಸಾಡಿ ತೆಂಗಿನ ನಾರು, ನೈಲಾನ್ ಸ್ಕ್ರಬರ್ ತಂದಿದ್ದೇವೆ. ಅಡಿ ಹಿಡಿದ ಪಾತ್ರೆಗೆ ಬಿಸಿನೀರು, ಸೋಡಾ ಹಾಕಿ ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಅದೇ ಸಾಕಾಗುತ್ತದೆ. ದೊಡ್ಡ ಟೇಬಲಿನ ಬೆಸುಗೆಯ ಗೆರೆ ಮಾತ್ರ ಸಿಟ್ರಿಕ್ ಆಸಿಡಿಗೆ ಪೂರ್ತಿ ಬಗ್ಗಲಿಲ್ಲ. ಬೆಸುಗೆಯ ಬಿಸಿಗೆ ಕಪ್ಪಾದ ಕಡೆ ಮೇಲ್ಪದರದಲ್ಲಿ ಕ್ರೋಮಿಯಂ ಕಮ್ಮಿಯಾಗಿರುತ್ತದೆ. ಅದನ್ನು ಉಜ್ಜಿ ತೆಗೆದು, ಕಾರ್ಖಾನೆಯ ಗಟ್ಟಿ ಆಸಿಡ್ ಪೇಸ್ಟ್ ಹಚ್ಚಿ ಸರಿಮಾಡಬೇಕು. ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ ಅದು. ಮಳೆ ಸ್ವಲ್ಪ ಬಿಟ್ಟ ಮೇಲೆ ಟೇಬಲನ್ನು ಭಾಯಂದರಿನ ವರ್ಕ್‌ಶಾಪಿಗೆ ಕಳಿಸುವುದು, ಅದೇ ಟೆಂಪೋದಲ್ಲಿ 304ರ ಸಿಂಕ್ ತರಿಸುವುದು ಅಂತ ಆಗಿದೆ.